ನಿಮಗಿದು ಗೊತ್ತೆ? ಭಾವನೆಗಳನ್ನು ಬಚ್ಚಿಡುವ ಸ್ನಾಯುಗಳು

ಉಸಿರಾಟ, ನಿಲುವು, ಚಲನೆ ಮತ್ತು ಸ್ನಾಯುಗಳ ಬಿಗಿತವನ್ನು ಗಮನಿಸಿ ಮನಸ್ಸಿನ ನೋವಿಗೆ ಪರಿಹಾರ ಹುಡುಕುವ ಪದ್ಧತಿಯೇ ದೇಹಕೇಂದ್ರಿತ ಮನೋಚಿಕಿತ್ಸೆ.

• ಇದಕ್ಕೆ ಅಡಿಪಾಯ ಹಾಕಿದವರು ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರ ಬಳಗದಲ್ಲಿದ್ದ ವಿಲ್‌ಹೆಲ್ಮ್ ರೈಖ್ (1897–1957). ಅದುಮಿಟ್ಟ ಕೋಪ, ಅಳು, ಭಯಗಳು ದವಡೆ, ಕತ್ತು, ಎದೆ, ಹೊಟ್ಟೆಯ ಸ್ನಾಯುಗಳಲ್ಲಿ ಬಿಗಿತವಾಗಿ ಉಳಿಯುತ್ತವೆ ಎಂಬುದು ಅವರ ವಾದ. ಈ ‘ಸ್ನಾಯುಕವಚ’ ನೋವನ್ನು ತಡೆಯುತ್ತದೆ. ಜತೆಗೇ ಸಂತೋಷವನ್ನೂ ತಡೆಯುತ್ತದೆ. ಮುಂದೆ ಅವರು ಪ್ರತಿಪಾದಿಸಿದ ‘ಆರ್ಗೋನ್’ ಶಕ್ತಿಯನ್ನು ಮಾತ್ರ ವಿಜ್ಞಾನ ಒಪ್ಪಲಿಲ್ಲ.

• ರೈಖ್ ಅವರ ಶಿಷ್ಯ ಅಲೆಕ್ಸಾಂಡರ್ ಲೋವೆನ್ ಅಮೆರಿಕದಲ್ಲಿ ‘ಬಯೋಎನರ್ಜೆಟಿಕ್ಸ್’ ಪದ್ಧತಿಯನ್ನು ಬೆಳೆಸಿದರು. ಮಂಡಿಯನ್ನು ತುಸು ಬಾಗಿಸಿ, ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಊರಿ ನಿಲ್ಲುವ ‘ಗ್ರೌಂಡಿಂಗ್’ ಇದರ ಮುಖ್ಯ ಅಭ್ಯಾಸ.

• ನಾರ್ವೆಯ ಗೆರ್ಡಾ ಬೋಯೆಸನ್ ಅಂಗಮರ್ದನದ ವೇಳೆ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಗುಡುಗುಡು ಸದ್ದು ಆಲಿಸುತ್ತಿದ್ದರು. ಮನಸ್ಸು ಹಗುರಾಗುತ್ತಿರುವುದಕ್ಕೆ ಆ ಸದ್ದೇ ಗುರುತೆಂದು ಅವರು ನಂಬಿದ್ದರು.

• ಬೇಟೆಗಾರ ಪ್ರಾಣಿಯಿಂದ ಪಾರಾದ ಜಿಂಕೆ ಮೈ ನಡುಗಿಸಿ ಆತಂಕ ಕೊಡವಿಕೊಳ್ಳುತ್ತದೆ ಎಂಬ ಕಲ್ಪನೆ ಅಮೆರಿಕದ ಪೀಟರ್ ಲೆವಿನ್ ಅವರ ‘ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್’ ವಿಧಾನಕ್ಕೆ ಪ್ರೇರಣೆ. ಆಘಾತ ಅನುಭವಿಸಿದವರು ಮೈಯಲ್ಲಿ ಏಳುವ ಬಿಸಿ, ನಡುಕ, ಬಿಗಿತಗಳನ್ನು ಇದರಲ್ಲಿ ಸ್ವಲ್ಪಸ್ವಲ್ಪವಾಗಿ ಗಮನಿಸುತ್ತಾರೆ.

• ಈ ಪದ್ಧತಿಗಳ ಪರಿಣಾಮದ ಬಗ್ಗೆ ವೈಜ್ಞಾನಿಕ ಪುರಾವೆ ಇನ್ನೂ ಸೀಮಿತ. ಸ್ಪರ್ಶ ಬಳಸುವ ಚಿಕಿತ್ಸೆಗೆ ವ್ಯಕ್ತಿಯ ಸ್ಪಷ್ಟ ಒಪ್ಪಿಗೆ ಅಗತ್ಯ.