ವಿದ್ಯಾಲಯವೂ ಕಾರ್ಖಾನೆಯೂ: ಯೇನಾ ನಗರದ ನಿದರ್ಶನ

ಕಾಲೇಜಿನಲ್ಲಿ ಕಲಿಯುವ ಭೌತವಿಜ್ಞಾನಕ್ಕೂ ಕಾರ್ಖಾನೆಯಲ್ಲಿ ನಡೆಯುವ ಕೆಲಸಕ್ಕೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಕಾರ್ಖಾನೆಯ ಒಡೆಯರೂ ಇದೇ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಕೇಳುತ್ತಾರೆ. ಅಧ್ಯಾಪಕರ ಸಮೀಕರಣಗಳಿಂದ ತಮ್ಮ ಯಂತ್ರ ಓಡೀತೇ ಎಂಬುದು ಅವರ ಸಂದೇಹ. ಅಧ್ಯಾಪಕರಾದರೋ, ಕಾರ್ಖಾನೆಯವರಿಗೆ ನಾಳೆಯ ಲಾಭದ ಹೊರತು ಬೇರೆ ಚಿಂತೆಯೇ ಇಲ್ಲವೆಂದು ದೂರುತ್ತಾರೆ. ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯಾಂಶವಿದೆ. ಆದರೆ ಈ ಇಬ್ಬರೂ ಒಂದೆಡೆ ಕುಳಿತು ದುಡಿದ ಸಂದರ್ಭಗಳೂ ಇತಿಹಾಸದಲ್ಲಿ ಇವೆ. ಅಂತಹವುಗಳಲ್ಲಿ ಜರ್ಮನಿಯ ಯೇನಾ ಎಂಬ ಸಣ್ಣ ನಗರದಲ್ಲಿ 1866ರಲ್ಲಿ ಮೊದಲಾದ ಸಹಯೋಗವು ಬಹು ಬೋಧಪ್ರದವಾದುದು. ಅದರಲ್ಲಿ ಒಬ್ಬನು ಯಂತ್ರಕುಶಲಿ, ಇನ್ನೊಬ್ಬನು ಭೌತವಿಜ್ಞಾನದ ಅಧ್ಯಾಪಕ. ಅವರ ಕೂಟದಿಂದ ಉತ್ತಮ ಸೂಕ್ಷ್ಮದರ್ಶಕವೂ, ಬೆಳಕಿನ ಸ್ವಭಾವವನ್ನು ಕುರಿತ ಒಂದು ಮೂಲಭೂತ ನಿಯಮವೂ ಹುಟ್ಟಿದವು.

ಅಂದಾಜಿನ ಕಾಲ

ಕಾರ್ಲ್ ಝೈಸನು 1846ರಲ್ಲಿ ಯೇನಾದಲ್ಲಿ ಒಂದು ಪುಟ್ಟ ಕಮ್ಮಟವನ್ನು ತೆರೆದನು. ಆ ಊರಿನ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿಗಳಿಗೆ ಸೂಕ್ಷ್ಮದರ್ಶಕಗಳು ಬೇಕಾಗಿದ್ದುವು. ಝೈಸನು ಅವುಗಳ ತಯಾರಿಕೆಯಲ್ಲಿ ಒಳ್ಳೆಯ ಹೆಸರು ಪಡೆದನು. ಆದರೆ ಆ ಕಾಲದಲ್ಲಿ ಸೂಕ್ಷ್ಮದರ್ಶಕದ ವಸ್ತುಮಸೂರವನ್ನು, ಎಂದರೆ ವಸ್ತುವಿನ ಸಮೀಪದಲ್ಲಿರುವ ಮಸೂರಗಳ ಜೋಡಣೆಯನ್ನು, ಅಂದಾಜಿನ ಮೇಲೆ ಮಾಡುವುದೇ ವಾಡಿಕೆಯಾಗಿತ್ತು. ಕೆಲಸಗಾರನು ಹಲವು ಪುಟ್ಟ ಮಸೂರಗಳನ್ನು ಉಜ್ಜಿ ಇಟ್ಟುಕೊಂಡು, ಒಂದರ ಮುಂದೆ ಒಂದನ್ನಿಟ್ಟು ನೋಡುತ್ತಿದ್ದನು. ಬಿಂಬ ಮಸುಕಾದರೆ ಒಂದನ್ನು ತೆಗೆದು ಮತ್ತೊಂದನ್ನು ಹಾಕುತ್ತಿದ್ದನು. ಹೀಗೆ ಎಷ್ಟೋ ಸಲ ಬದಲಾಯಿಸಿದ ಮೇಲೆ ಒಂದು ಒಳ್ಳೆಯ ಜೋಡಣೆ ಸಿಕ್ಕುತ್ತಿತ್ತು. ಅದು ಏಕೆ ಒಳ್ಳೆಯದು ಎಂಬುದು ಮಾತ್ರ ಯಾರಿಗೂ ತಿಳಿಯದು. ಆದುದರಿಂದ ಅದರಂತೆಯೇ ಇರುವ ಇನ್ನೊಂದನ್ನು ಮಾಡುವ ಭರವಸೆಯೂ ಇರಲಿಲ್ಲ.

ಇಷ್ಟಾದರೂ ಆ ಕೆಲಸಗಾರರ ಕೌಶಲವನ್ನು ಕಡಿಮೆಯೆಂದು ಎಣಿಸಲಾಗದು. ಝೈಸನ ಮೇಸ್ತ್ರಿಯಾಗಿದ್ದ ಆಗಸ್ಟ್ ಲೋಬರನು ಮಸೂರದ ಮೈಯನ್ನು ಪರೀಕ್ಷಿಸಲು ಒಂದು ಸೊಗಸಾದ ಉಪಾಯವನ್ನು ಬಳಕೆಗೆ ತಂದಿದ್ದನು. ಸರಿಯಾದ ಬಾಗು ಇರುವ ಒಂದು ಮಾದರಿ ಗಾಜಿನ ಮೇಲೆ ಹೊಸ ಮಸೂರವನ್ನು ಇಟ್ಟರೆ, ನಡುವಣ ತೆಳುವಾದ ಗಾಳಿಯ ಪದರದಿಂದಾಗಿ ಬಣ್ಣದ ಉಂಗುರಗಳು ಕಾಣುತ್ತವೆ. ಇವು ನಮ್ಮ ಕಾಲೇಜುಗಳ ಪ್ರಯೋಗ ತರಗತಿಯಲ್ಲಿ ವಿದ್ಯಾರ್ಥಿಗಳು ಅಳೆಯುವ ನ್ಯೂಟನ್ ಉಂಗುರಗಳೇ ಸರಿ. ಒಂದು ಉಂಗುರದಿಂದ ಮುಂದಿನ ಉಂಗುರಕ್ಕೆ ಪದರದ ದಪ್ಪವು ಅರ್ಧ ತರಂಗಾಂತರದಷ್ಟು ಬದಲಾಗುತ್ತದೆ. ಹಸಿರು ಬೆಳಕಿನಲ್ಲಿ ಇದು ಒಂದು ಮಿಲಿಮೀಟರಿನ ಸುಮಾರು 3,600ರಲ್ಲಿ ಒಂದು ಪಾಲು. ಉಂಗುರಗಳ ಸಂಖ್ಯೆಯನ್ನೂ ಆಕಾರವನ್ನೂ ನೋಡಿ ಮಸೂರ ಎಲ್ಲಿ ತಪ್ಪಿದೆ ಎಂಬುದನ್ನು ಕೆಲಸಗಾರನು ಅರಿಯಬಲ್ಲವನಾಗಿದ್ದನು. ಹೀಗೆ ಹೇಳಿದ ಆಕಾರವನ್ನು ಕರಾರುವಾಕ್ಕಾಗಿ ಮಾಡಿಕೊಡಬಲ್ಲ ಕೈಗಳು ಆ ಕಮ್ಮಟದಲ್ಲಿ ಸಿದ್ಧವಾಗಿದ್ದುವು. ಯಾವ ಆಕಾರ ಬೇಕು ಎಂದು ಲೆಕ್ಕ ಹಾಕಿ ಹೇಳಬಲ್ಲವರು ಇರಲಿಲ್ಲ.

ಅಧ್ಯಾಪಕನ ಪ್ರವೇಶ

1866ರಲ್ಲಿ ಝೈಸನು ಯೇನಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಎರ್ನ್ಸ್ಟ್ ಆಬೆಯ ನೆರವನ್ನು ಕೋರಿದನು. ಆಗ ಝೈಸನ ವಯಸ್ಸು 50, ಆಬೆಯ ವಯಸ್ಸು 26. ಆಬೆಯು ನೂಲಿನ ಗಿರಣಿಯ ಕೆಲಸಗಾರನೊಬ್ಬನ ಮಗ. ವಿದ್ಯಾರ್ಥಿ ದೆಸೆಯಲ್ಲಿ ಬಡತನವನ್ನು ಕಂಡವನು. ಮಸೂರಗಳನ್ನು ಪೂರ್ತಿಯಾಗಿ ಲೆಕ್ಕದಿಂದಲೇ ರೂಪಿಸಬೇಕು ಎಂಬುದು ಇಬ್ಬರ ಸಂಕಲ್ಪವಾಗಿತ್ತು.

ಆಬೆಯು ಕಿರಣಗಳ ಹಾದಿಯನ್ನು ಗಣಿಸಿದನು. ಮಸೂರದ ಅಂಚಿನ ಮೂಲಕ ಹಾಯುವ ಕಿರಣಗಳು ನಡುವಿನ ಕಿರಣಗಳೊಡನೆ ಒಂದೇ ಬಿಂದುವಿನಲ್ಲಿ ಕೂಡದೆ ಬಿಂಬವನ್ನು ಕೆಡಿಸುತ್ತವೆ ಎಂಬುದು ತಿಳಿದ ವಿಷಯವೇ. ಹೀಗಿರಲು ಮಸೂರದೊಳಗೆ ಬರುವ ಬೆಳಕಿನ ಶಂಕುವನ್ನು ಕಿರಿದು ಮಾಡಿದರೆ ದೋಷ ಕಡಿಮೆಯಾಗಬೇಕಲ್ಲವೆ? ಆಬೆಯು ಹಾಗೆಯೇ ಮಾಡಿದನು. ಲೋಬರನ ಕೆಲಸಗಾರರು ಆತನ ಲೆಕ್ಕಕ್ಕೆ ಸರಿಯಾಗಿ ಮಸೂರಗಳನ್ನು ಉಜ್ಜಿಕೊಟ್ಟರು. ಪರಿಣಾಮ ಮಾತ್ರ ವಿಪರೀತವಾಯಿತು. ಲೆಕ್ಕದ ಮಸೂರವು ಅಂದಾಜಿನ ಹಳೆಯ ಮಸೂರಕ್ಕಿಂತಲೂ ಕೀಳಾಗಿತ್ತು! ವಸ್ತುವಿನ ನವುರಾದ ಗೆರೆಗಳು ಅದರಲ್ಲಿ ಕಾಣಿಸಲೇ ಇಲ್ಲ.

ಇಂತಹ ಸಂದರ್ಭದಲ್ಲಿ ಬಹುಮಟ್ಟಿನ ವ್ಯಾಪಾರಿಗಳು ಅಧ್ಯಾಪಕನಿಗೆ ನಮಸ್ಕಾರ ಹೇಳಿ ಹಳೆಯ ಪದ್ಧತಿಗೆ ಮರಳುತ್ತಿದ್ದರು. ಝೈಸನು ಹಾಗೆ ಮಾಡಲಿಲ್ಲ. ವರ್ಷಗಳ ಕಾಲ ಈ ಪ್ರಯತ್ನಗಳಿಗೆ ತನ್ನ ಹಣವನ್ನೂ ಕೆಲಸಗಾರರ ಸಮಯವನ್ನೂ ಒದಗಿಸಿದನು. ಆಬೆಯಾದರೂ ಲೆಕ್ಕದಲ್ಲಿ ತಪ್ಪಿಲ್ಲವೆಂದು ಹಟ ಹಿಡಿಯಲಿಲ್ಲ. ಬಿಂಬ ಮೂಡುವ ಬಗೆಯನ್ನೇ ತಾವೆಲ್ಲರೂ ಸರಿಯಾಗಿ ತಿಳಿದಿಲ್ಲವೋ ಏನೋ ಎಂದು ಆತನು ಬುಡದಿಂದ ವಿಚಾರ ಮಾಡತೊಡಗಿದನು.

ಬಿಂಬ ಮೂಡುವ ಬಗೆ

ಒಂದು ಗಾಜಿನ ಫಲಕದ ಮೇಲೆ ಒತ್ತೊತ್ತಾಗಿ, ಸಮಾನ ದೂರದಲ್ಲಿ ಗೆರೆಗಳನ್ನು ಎಳೆದಿದೆ ಎಂದು ಭಾವಿಸೋಣ. ಅದರ ಮೂಲಕ ಬೆಳಕನ್ನು ಹಾಯಿಸಿದರೆ ಒಂದು ಪಾಲು ನೇರವಾಗಿ ಮುಂದೆ ಸಾಗುತ್ತದೆ. ಉಳಿದುದು ವಿವರ್ತನೆಗೆ ಒಳಗಾಗಿ ಎರಡು ಪಕ್ಕಗಳಿಗೂ ಬಾಗಿ ಹೊರಡುತ್ತದೆ. ಗೆರೆಗಳು ಹತ್ತಿರ ಹತ್ತಿರವಿದ್ದಷ್ಟೂ ಬಾಗುವ ಕೋನ ಹೆಚ್ಚು. ಮಸೂರದ ಬಾಯಿ ಕಿರಿದಾಗಿದ್ದರೆ ನೇರವಾದ ಬೆಳಕು ಮಾತ್ರ ಒಳಗೆ ಬಂದು, ಬಾಗಿದ ಬೆಳಕು ಹೊರಗೇ ಉಳಿಯುತ್ತದೆ. ಗೆರೆಗಳಿವೆ ಎಂಬ ವರ್ತಮಾನವನ್ನು ಹೊತ್ತು ತರುವುದು ಆ ಬಾಗಿದ ಬೆಳಕೇ. ನೇರ ಬೆಳಕೂ ಬಾಗಿದ ಬೆಳಕೂ ಮತ್ತೆ ಒಂದುಗೂಡಿ ವ್ಯತಿಕರಣಗೊಂಡಾಗಲೇ ಗೆರೆಗಳ ಬಿಂಬ ಮೂಡುತ್ತದೆ. ಬೆಳಕಿನ ಶಂಕುವನ್ನು ಕಿರಿದು ಮಾಡಿದ ಆಬೆಯು ದೋಷದೊಡನೆ ವರ್ತಮಾನವನ್ನೂ ಹೊರಗಟ್ಟಿದ್ದನು.

1873ರಲ್ಲಿ ಆಬೆಯು ಈ ಸಿದ್ಧಾಂತವನ್ನು ಪ್ರಕಟಿಸಿದನು. ಸೂಕ್ಷ್ಮದರ್ಶಕದಿಂದ ಬೇರ್ಪಡಿಸಿ ಕಾಣಬಹುದಾದ ಅತ್ಯಂತ ಕಿರಿಯ ಅಂತರವು ಎಷ್ಟು ಎಂಬುದಕ್ಕೆ ಅದರಿಂದ ಒಂದು ಸರಳವಾದ ನಿಯಮ ದೊರೆಯುತ್ತದೆ. ಬೆಳಕಿನ ತರಂಗಾಂತರವನ್ನು ಮಸೂರದ ನ್ಯೂಮರಿಕಲ್ ಅಪರ್ಚರ್ ಎಂಬ ಅಂಕದ ಎರಡರಷ್ಟರಿಂದ ಭಾಗಿಸಿದರೆ ಆ ಅಂತರ ಬರುತ್ತದೆ. ಈ ಅಂಕವಾದರೋ, ವಸ್ತುವಿಗೂ ಮಸೂರಕ್ಕೂ ನಡುವೆ ಇರುವ ಮಾಧ್ಯಮದ ವಕ್ರೀಭವನಾಂಕವನ್ನು, ಒಳಬರುವ ಬೆಳಕಿನ ಶಂಕುವಿನ ಅರ್ಧಕೋನದ ಸೈನಿನಿಂದ ಗುಣಿಸಿ ಪಡೆದುದು. ಮಾಧ್ಯಮವು ಗಾಳಿಯಾಗಿದ್ದರೆ ಈ ಅಂಕವು 1ನ್ನು ಮೀರಲಾರದು. ಗಾಳಿಯ ಬದಲು ಗಾಜಿನಷ್ಟೇ ವಕ್ರೀಭವನಾಂಕವುಳ್ಳ ಎಣ್ಣೆಯ ತೊಟ್ಟೊಂದನ್ನು ಇಟ್ಟರೆ ಅದನ್ನು 1.4ರವರೆಗೆ ಏರಿಸಬಹುದು. 0.55 ಮೈಕ್ರೋಮೀಟರ್ ತರಂಗಾಂತರದ ಹಸಿರು ಬೆಳಕನ್ನು ತೆಗೆದುಕೊಂಡರೆ, 0.55ನ್ನು 2.8ರಿಂದ ಭಾಗಿಸಿ ಸುಮಾರು 0.2 ಮೈಕ್ರೋಮೀಟರ್ ಬರುತ್ತದೆ. ಎಂದರೆ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲು. ಎಷ್ಟು ದೊಡ್ಡದಾಗಿ ತೋರಿಸಿದರೂ ಇದಕ್ಕಿಂತ ಒತ್ತಾಗಿರುವ ಎರಡು ಗೆರೆಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿ ಕಾಣವು.

ಈ ತತ್ತ್ವವನ್ನು ಕಾಲೇಜಿನಲ್ಲಿಯೇ ಪರೀಕ್ಷಿಸಬಹುದು. ನವುರಾದ ತಂತಿಬಲೆಯ ಮೂಲಕ ಲೇಸರ್ ಬೆಳಕನ್ನು ಹಾಯಿಸಿ, ಮಸೂರದ ಸಹಾಯದಿಂದ ಬಲೆಯ ಬಿಂಬವನ್ನು ಗೋಡೆಯ ಮೇಲೆ ಬೀಳಿಸಬೇಕು. ಮಸೂರದ ಹಿಂದೆ, ಅದರ ಸಂಗಮದ ಬಳಿ, ಸಾಲು ಸಾಲಾದ ಚುಕ್ಕೆಗಳು ಕಾಣುತ್ತವೆ. ಪಕ್ಕದ ಚುಕ್ಕೆಗಳನ್ನೆಲ್ಲ ರಟ್ಟಿನಿಂದ ಮರೆಮಾಡಿ ನಡುವಿನ ಒಂದನ್ನು ಮಾತ್ರ ಬಿಟ್ಟರೆ, ಗೋಡೆಯ ಮೇಲೆ ಬೆಳಕು ಉಳಿಯುತ್ತದೆ, ಬಲೆ ಮಾಯವಾಗುತ್ತದೆ. (ಲೇಸರ್ ಕಿರಣವನ್ನು ಎಂದೂ ನೇರವಾಗಿ ಕಣ್ಣಿಟ್ಟು ನೋಡಬಾರದು.)

ಮೂರನೆಯವನ ಸೇರ್ಪಡೆ

ಸಿದ್ಧಾಂತ ಸ್ಪಷ್ಟವಾದ ಮೇಲೆ ಗಾಜಿನ ಕೊರತೆ ಎದುರಾಯಿತು. ಬಣ್ಣದ ಅಂಚುಗಳಿಲ್ಲದ ಬಿಂಬಕ್ಕೆ ಬೇಕಾದ ಗುಣಗಳುಳ್ಳ ಗಾಜು ಆಗ ಎಲ್ಲಿಯೂ ದೊರೆಯುತ್ತಿರಲಿಲ್ಲ. 1879ರಲ್ಲಿ ಆಟೋ ಷಾಟ್ ಎಂಬ ಯುವಕ ರಸಾಯನವಿಜ್ಞಾನಿಯು ತಾನು ಕರಗಿಸಿದ ಹೊಸ ಬಗೆಯ ಗಾಜಿನ ತುಣುಕನ್ನು ಪರೀಕ್ಷೆಗಾಗಿ ಆಬೆಗೆ ಕಳುಹಿಸಿದನು. ಆ ತುಣುಕು ಮಸೂರಕ್ಕೆ ಒದಗಲಿಲ್ಲ. ಆದರೆ ಪತ್ರವ್ಯವಹಾರ ಮುಂದುವರಿಯಿತು. 1882ರಲ್ಲಿ ಷಾಟನು ಯೇನಾಕ್ಕೆ ಬಂದನು. 1884ರಲ್ಲಿ ಗಾಜಿನ ಪ್ರಯೋಗಶಾಲೆಯೊಂದು ಸ್ಥಾಪಿತವಾಯಿತು. ಪ್ರಷ್ಯಾ ಸರ್ಕಾರವೂ ಅದಕ್ಕೆ ಧನಸಹಾಯ ನೀಡಿತು. ಅಲ್ಲಿಯ ಹೊಸ ಗಾಜುಗಳಿಂದ 1886ರಲ್ಲಿ ವರ್ಣದೋಷವು ಬಹುಮಟ್ಟಿಗೆ ನೀಗಿದ ವಸ್ತುಮಸೂರಗಳು ಹೊರಬಂದವು.

ಇದಕ್ಕೆ ಮೊದಲೇ ರಾಬರ್ಟ್ ಕಾಕನು ಎಣ್ಣೆಯ ತೊಟ್ಟನ್ನು ಬಳಸುವ ಝೈಸ್ ಮಸೂರಗಳನ್ನೂ, ಬೆಳಕನ್ನು ಒಗ್ಗೂಡಿಸುವ ಆಬೆಯ ಸಾಧನವನ್ನೂ ತನ್ನ ಕೆಲಸದಲ್ಲಿ ಉಪಯೋಗಿಸಿಕೊಂಡಿದ್ದನು. 1882ರಲ್ಲಿ ಆತನು ಕ್ಷಯರೋಗದ ಬ್ಯಾಕ್ಟೀರಿಯವನ್ನು ಲೋಕಕ್ಕೆ ತೋರಿಸಿಕೊಟ್ಟನು. ಆ ಜೀವಿಯ ಉದ್ದ ಕೆಲವೇ ಮೈಕ್ರೋಮೀಟರ್. ಅಗಲವಾದರೋ ಅರ್ಧ ಮೈಕ್ರೋಮೀಟರಿಗೂ ಕಡಿಮೆ. ಕಮ್ಮಟದ ಕಷ್ಟವೊಂದನ್ನು ಪರಿಹರಿಸಲು ಹೊರಟ ಕೆಲಸವು ಹೀಗೆ ರೋಗಿಯ ಹಾಸಿಗೆಯವರೆಗೂ ತಲಪಿತು.

ಲಾಭದ ಹಂಚಿಕೆ

ಝೈಸನು ಆಬೆಯನ್ನು ಸಂಬಳದ ಸಲಹೆಗಾರನಾಗಿ ಉಳಿಸಲಿಲ್ಲ. 1870ರ ದಶಕದ ನಡುವಿನಲ್ಲಿ ಪಾಲುಗಾರನನ್ನಾಗಿ ಮಾಡಿಕೊಂಡನು. 1888ರಲ್ಲಿ ಝೈಸನು ತೀರಿಕೊಂಡ ಮೇಲೆ ಆಬೆಯು ಇನ್ನೂ ದೊಡ್ಡ ಹೆಜ್ಜೆಯಿಟ್ಟನು. ತನ್ನ ಗೆಳೆಯನ ಹೆಸರಿನಲ್ಲಿ 1889ರಲ್ಲಿ ಒಂದು ಧರ್ಮನಿಧಿಯನ್ನು ಸ್ಥಾಪಿಸಿ, 1891ರಲ್ಲಿ ಕಾರ್ಖಾನೆಗಳಲ್ಲಿ ತನಗಿದ್ದ ಪಾಲನ್ನು ಅದಕ್ಕೆ ವಹಿಸಿಕೊಟ್ಟನು. ಲಾಭದಲ್ಲಿ ಒಂದು ಭಾಗ ವಿಶ್ವವಿದ್ಯಾನಿಲಯಕ್ಕೂ ವಿಜ್ಞಾನದ ಅಭಿವೃದ್ಧಿಗೂ ಸಲ್ಲುವಂತಾಯಿತು. ಕೆಲಸಗಾರರಿಗೆ ನಿವೃತ್ತಿವೇತನ ಮತ್ತು ಸಂಬಳಸಹಿತ ರಜೆ ದೊರೆತುವು. 1900ರಲ್ಲಿ ಎಂಟು ಗಂಟೆಗಳ ದಿನಗೆಲಸ ಜಾರಿಗೆ ಬಂದಿತು. ಗಿರಣಿಯಲ್ಲಿ ದಿನವಿಡೀ ನಿಂತು ದುಡಿಯುತ್ತಿದ್ದ ತಂದೆಯ ಬಾಳನ್ನು ಆಬೆಯು ಮರೆತಿರಲಿಲ್ಲ. ಝೈಸ್ ಮತ್ತು ಷಾಟ್ ಕಂಪನಿಗಳ ಒಡೆತನ ಇಂದಿಗೂ ಆ ನಿಧಿಯ ಕೈಯಲ್ಲಿದೆ.

ನಮ್ಮ ನಾಡಿನ ಉದಾಹರಣೆ

ಇಂತಹ ಸಹಯೋಗ ಜರ್ಮನಿಗೆ ಮೀಸಲಾದುದಲ್ಲ. ಮೈಸೂರಿನ ಶ್ರೀಗಂಧದ ಕೊರಡುಗಳು ಒಂದು ಕಾಲದಲ್ಲಿ ಹರಾಜಿನಲ್ಲಿ ಮಾರಾಟವಾಗಿ ಯೂರೋಪಿಗೆ ಹೋಗುತ್ತಿದ್ದುವು. ಎಣ್ಣೆ ತೆಗೆಯುವ ಕೆಲಸ ಬಹುಮಟ್ಟಿಗೆ ಅಲ್ಲಿಯೇ ನಡೆಯುತ್ತಿತ್ತು. 1914ರಲ್ಲಿ ಯುದ್ಧ ಮೊದಲಾಗಿ ಈ ವ್ಯಾಪಾರ ನಿಂತಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾಗಿದ್ದ ಸಡ್‌ಬರೋ ಮತ್ತು ವಾಟ್ಸನ್ನರು ಇಲ್ಲಿಯೇ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ವಿಧಾನವನ್ನು ಪ್ರಯೋಗದಿಂದ ಸಿದ್ಧಗೊಳಿಸಿದರು. 1916ರಲ್ಲಿ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಈ ಎಣ್ಣೆಯ ಬಲದಿಂದಲೇ ಮುಂದೆ ಹುಟ್ಟಿತು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾದ ಎರಡು ವರ್ಷಗಳಲ್ಲಿ ಅದೇ ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗ ತೆರೆದುದೂ ಇದೇ ಜಾತಿಯ ಸಂಗತಿ.

ಸಹಯೋಗಕ್ಕೆ ಬೇಕಾದುದೇನು?

ಈ ನಿದರ್ಶನಗಳಿಂದ ನಾವು ಕೆಲವು ವಿಷಯಗಳನ್ನು ಗ್ರಹಿಸಬಹುದು. ಮೊದಲನೆಯದಾಗಿ, ಸಹಯೋಗವು ಒಂದು ಖಚಿತವಾದ ಕಷ್ಟದಿಂದ ಆರಂಭವಾಗಬೇಕು. ಒಪ್ಪಂದದ ಪತ್ರಕ್ಕೆ ಸಹಿ ಹಾಕಿ, ಹಾರ ಬದಲಾಯಿಸಿ, ಛಾಯಾಚಿತ್ರ ತೆಗೆಸಿಕೊಂಡಷ್ಟರಿಂದ ಯಾವ ಮಸೂರವೂ ತಯಾರಾಗದು. “ಇದೇ ಜೋಡಣೆ ಎರಡನೆಯ ಸಲ ಏಕೆ ಬರುವುದಿಲ್ಲ?” ಎಂಬಂತಹ ಪ್ರಶ್ನೆಯನ್ನು ಕಾರ್ಖಾನೆಯವರು ಸಂಕೋಚವಿಲ್ಲದೆ ಮುಂದಿಡಬೇಕು.

ಎರಡನೆಯದು ತಾಳ್ಮೆ. ಆಬೆಯ ಕೆಲಸ ಫಲಕೊಡಲು ಹಲವು ವರ್ಷಗಳು ಹಿಡಿದುವು. ಒಂದು ಪರೀಕ್ಷೆಯ ಅವಧಿಯೊಳಗೆ ಮುಗಿಯುವ ಕೆಲಸಗಳನ್ನೇ ಕಾಲೇಜು ಆರಿಸಿಕೊಂಡರೆ, ಮೂರು ತಿಂಗಳಲ್ಲಿ ಲಾಭ ಕಾಣದುದನ್ನೆಲ್ಲ ಕಾರ್ಖಾನೆ ಕೈಬಿಟ್ಟರೆ, ಸೋಲಿನ ಹಿಂದೆ ಅಡಗಿರುವ ನಿಯಮವು ಯಾರ ಕಣ್ಣಿಗೂ ಬೀಳದು.

ಮೂರನೆಯದು ಪ್ರಕಟಣೆಯ ಸ್ವಾತಂತ್ರ್ಯ. ಆಬೆಯ 1873ರ ಸಿದ್ಧಾಂತವನ್ನು ಝೈಸನ ಪ್ರತಿಸ್ಪರ್ಧಿಗಳೂ ಓದಬಹುದಾಗಿತ್ತು. ಹಾಗೆ ಓದಿದುದರಿಂದ ಝೈಸನಿಗೆ ನಷ್ಟವಾಗಲಿಲ್ಲ. ಲೋಬರನ ಕೆಲಸಗಾರರ ಕೈಗುಣವೂ ಷಾಟನ ಗಾಜೂ ಆತನ ಬಳಿಯೇ ಇದ್ದುವಷ್ಟೆ. ಕಾರ್ಖಾನೆಗೆ ತನ್ನದೇ ಆದ ಗುಟ್ಟುಗಳು ಇರುವುದು ಸಹಜ. ಆದರೆ ಪ್ರಕೃತಿಯ ನಿಯಮವನ್ನೇ ಗುಟ್ಟಾಗಿಡಬೇಕೆಂಬ ಕರಾರಿಗೆ ಅಧ್ಯಾಪಕನು ಒಪ್ಪಿದರೆ, ಆತನ ವಿದ್ಯಾರ್ಥಿಗಳಿಗೆ ಆ ವಿದ್ಯೆ ತಪ್ಪಿಹೋಗುತ್ತದೆ. ಹಣ ಕೊಡುವವನಿಗೆ ಬೇಕಾದ ಫಲಿತಾಂಶವನ್ನೇ ಬರೆದುಕೊಡುವ ಅಪಾಯವೂ ಅಲ್ಲಿಂದಲೇ ಮೊದಲಾಗುತ್ತದೆ.

ನಾಲ್ಕನೆಯದು ನ್ಯಾಯವಾದ ಹಂಚಿಕೆ. ಬುದ್ಧಿ ಕೊಟ್ಟವನು, ಬಂಡವಾಳ ಹೂಡಿದವನು, ಕೈಯಾರೆ ಗಾಜು ಉಜ್ಜಿದವನು, ಈ ಮೂವರಲ್ಲಿ ಯಾರನ್ನು ಮರೆತರೂ ಕೂಟ ಬಹುಕಾಲ ನಿಲ್ಲದು. ತರಬೇತಿಗೆಂದು ಕಾರ್ಖಾನೆಗೆ ಹೋಗುವ ವಿದ್ಯಾರ್ಥಿಗೂ ಈ ಮಾತು ಅನ್ವಯಿಸುತ್ತದೆ: ಆತನನ್ನು ಅಗ್ಗದ ಆಳಾಗಿ ಬಳಸಿದರೆ ಅದನ್ನು ಸಹಯೋಗವೆನ್ನಲಾಗದು.

ಆಬೆಯ ಮಿತಿಯನ್ನೂ ದಾಟುವ ಉಪಾಯಗಳು ಈಗ ಬಂದಿವೆ. ಮಿನುಗುವ ಅಣುಗಳನ್ನು ಸರದಿಯಾಗಿ ಬೆಳಗಿಸಿಯೋ ನಂದಿಸಿಯೋ ಆ ಮಿತಿಗಿಂತ ಕಿರಿದಾದ ವಿವರಗಳನ್ನು ಕಾಣಿಸಿದ ಎರಿಕ್ ಬೆಟ್ಸಿಗ್, ಸ್ಟೆಫಾನ್ ಹೆಲ್ ಮತ್ತು ವಿಲಿಯಮ್ ಮೋರ್ನರ್ ಅವರಿಗೆ 2014ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಮಿತಿಯನ್ನು ದಾಟಬೇಕಾದರೂ ಅದು ಎಲ್ಲಿದೆಯೆಂಬುದು ಮೊದಲು ತಿಳಿದಿರಬೇಕಷ್ಟೆ. ಅದನ್ನು ತಿಳಿಸಿಕೊಟ್ಟುದು ಒಂದು ಕಮ್ಮಟದಲ್ಲಿ ಕೆಟ್ಟುಹೋದ ಮಸೂರ. ನಮ್ಮ ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ತಮ್ಮ ಊರಿನ ಎರಕದ ಮನೆಗೋ, ಲೇತ್ ಯಂತ್ರದ ಅಂಗಡಿಗೋ ಹೋದಾಗ, ಅಲ್ಲಿಯ ಮೇಸ್ತ್ರಿಯನ್ನು ಒಂದು ಮಾತು ಕೇಳಲಿ: ಯಾವ ಕೆಲಸ ಮತ್ತೆ ಮತ್ತೆ ಕೆಡುತ್ತದೆ, ಏಕೆಂದು ತಿಳಿಯದೆ ಯಾವುದನ್ನು ಎಸೆಯುತ್ತೀರಿ? ಉತ್ತರವನ್ನು ಬರೆದುಕೊಂಡು ಬಂದು ತಮ್ಮ ಅಧ್ಯಾಪಕರ ಮುಂದಿಡಲಿ. ಅದಕ್ಕೆ ಕಿವಿಗೊಡುವುದು ನಮ್ಮಂತಹ ಅಧ್ಯಾಪಕರ ಕರ್ತವ್ಯ.