ಎರೆನೆಲದ ಸೊಪ್ಪಿಗೆ ಗ್ರೀಸಿನ ಪದರ

ಹಿಂಗಾರಿ ಮಳೆಯ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡ ಎರೆಹೊಲಗಳಲ್ಲಿ ಬಿಳಿಜೋಳವು ಎದ್ದು ನಿಂತು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಗಳಲ್ಲಿ ಸಬ್ಬಸಗಿ, ಮೆಂತೆ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲುಗಳು ರಾಶಿಗೊಳ್ಳುವ ಚಳಿಗಾಲವು, ಗ್ರೀಸ್ ದೇಶದ ‘ಪಿಟ’ವೆಂಬ ಖಾರದ ಪಕ್ವಾನ್ನವನ್ನು ನಮ್ಮ ಮನೆಗಳಲ್ಲಿ ಮಾಡಿ ನೋಡುವುದಕ್ಕೆ ಅತ್ಯಂತ ಪ್ರಶಸ್ತವಾದ ಕಾಲವಾಗಿದೆ. ದೂರದೇಶದ ಈ ಭಕ್ಷ್ಯಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಭಾಗವು ಈ ನಾಲ್ಕು ತಾಲೂಕುಗಳ ಸೀಮೆಯಲ್ಲಿಯೇ ದೊರೆಯುವುದು.

ಹಿಟ್ಟಿನ ತೆಳುಪದರಗಳ ನಡುವೆ ಹೂರಣವನ್ನು ಹುದುಗಿಸಿ ಬೇಯಿಸುವುದೇ ಪಿಟದ ಮೂಲಕ್ರಮ. ಪಾಲಕ ಮತ್ತು ಫೆಟಾ ಚೀಸ್ ಸೇರಿದುದು ಸ್ಪನಕೋಪಿಟ. ಬರಿಯ ಚೀಸಿನದು ತಿರೋಪಿಟ. ಹೊಲಗಾಡುಗಳಲ್ಲಿ ತಾನಾಗಿ ಬೆಳೆದ ಸೊಪ್ಪುಗಳದು ಹೋರ್ತೋಪಿಟ. 2002ರಲ್ಲಿ ಐರೋಪ್ಯ ಒಕ್ಕೂಟವು ಗ್ರೀಸಿಗೆ ಮೀಸಲಿಟ್ಟ ಹೆಸರಿನ ಆ ಫೆಟಾ ಕುರಿಯ ಹಾಲಿನದು. ಅದರಲ್ಲಿ ಮೇಕೆಯ ಹಾಲು ಶೇಕಡಾ 30ನ್ನು ಮೀರುವಂತಿಲ್ಲ. ಆದರೆ ಅಲ್ಲಿಯ ಕ್ರೈಸ್ತರು ತಮ್ಮ ಉಪವಾಸದ ದಿನಗಳಲ್ಲಿ ಹಾಲು, ಮೊಟ್ಟೆಗಳೆರಡನ್ನೂ ವರ್ಜಿಸಿ ಕೇವಲ ಸೊಪ್ಪಿನಿಂದಲೇ ಪಿಟ ಮಾಡುವರಾದ್ದರಿಂದ, ಶಾಕಾಹಾರಿಗಳ ಅಡಿಗೆಮನೆಯಲ್ಲಿಯೂ ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ಎರಡು ಬಟ್ಟಲು ಮೈದಾಹಿಟ್ಟಿಗೆ ಉಪ್ಪು, ಎರಡು ಚಮಚ ಗಾಣದ ಕುಸುಬಿ ಎಣ್ಣೆ, ಒಂದು ಚಮಚ ಲಿಂಬೆಯ ರಸ ಸೇರಿಸಿ ಉಗುರುಬೆಚ್ಚನೆಯ ನೀರಿನಲ್ಲಿ ಮೃದುವಾಗಿ ನಾದಬೇಕು. ಗ್ರೀಕರು ಹಾಕುವ ಆಲಿವ್ ಎಣ್ಣೆಯ ಸ್ಥಾನವನ್ನು ಇಲ್ಲಿ ಕುಸುಬಿಯೂ, ವಿನಿಗರಿನ ಸ್ಥಾನವನ್ನು 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಂಡಿಯ ಲಿಂಬೆಯೂ ವಹಿಸುತ್ತವೆ. ಹುಳಿಯು ಹಿಟ್ಟಿನ ಬಿಗುವನ್ನು ಸಡಿಲಿಸುವುದರಿಂದ ಅದು ಹರಿಯದೆ ಹಿಗ್ಗುತ್ತದೆ. ಒದ್ದೆಬಟ್ಟೆ ಮುಚ್ಚಿ ಒಂದು ತಾಸು ಬಿಟ್ಟು, ಮಣೆಯ ಗೆರೆಗಳು ಕಾಣುವಷ್ಟು ತೆಳುವಾಗಿ ಲಟ್ಟಿಸಬೇಕು. ಮದುವೆಮನೆಗಳಲ್ಲಿ ಚಿರೋಟಿಯ ಪದರಗಳನ್ನು ಲಟ್ಟಿಸಿ ಪಳಗಿದ ಕೈಗಳಿಗೆ ಈ ಕೆಲಸವು ಹೊಸತಲ್ಲ.

ಹೂರಣದಲ್ಲಿ ಸಬ್ಬಸಗಿಯೇ ಪ್ರಧಾನ. ಗ್ರೀಕರ ಸ್ಪನಕೋಪಿಟದ ಪರಿಮಳವೂ ಬಹುಮಟ್ಟಿಗೆ ಇದರದೇ. ಪಾಲಕ, ಸಬ್ಬಸಗಿ, ಉಳ್ಳಾಗಡ್ಡಿ ತಪ್ಪಲುಗಳನ್ನು ಹೆಚ್ಚಿ, ಉಪ್ಪು ತಿಕ್ಕಿ, ಕಾಲು ತಾಸಿನ ಮೇಲೆ ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಹಸಿರು ನೀರು ಧಾರೆಯಾಗಿ ಇಳಿಯುವುದು. ಇಲ್ಲಿ ಉದಾಸೀನ ತೋರಿದರೆ ತಳಪದರವು ಅಂಟಂಟಾಗಿ ಕೆಡುವುದು ನಿಶ್ಚಯ. ಹಿಂಡಿದ ಸೊಪ್ಪಿಗೆ ಉಪ್ಪು ಬೆರೆಸಿ ಪುಡಿಮಾಡಿದ ಪನೀರು, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಮೆಣಸಿನ ಪುಡಿ, ಉಳಿದ ತೇವವನ್ನು ಹೀರಲೆಂದು ಒಂದು ಹಿಡಿ ರವೆ ಕೂಡಿಸಬೇಕು. ಎಣ್ಣೆ ಸವರಿದ ನಾಲ್ಕಾರು ಪದರಗಳ ಮೇಲೆ ಇದನ್ನು ಹರಡಿ, ಅಷ್ಟೇ ಪದರಗಳನ್ನು ಮುಚ್ಚಿ, ಮೇಲ್ಪದರವನ್ನು ಚಾಕುವಿನಿಂದ ಗೆರೆಯೆಳೆದು, 180 ಡಿಗ್ರಿ ಶಾಖದ ಓವನ್ನಿನಲ್ಲಿ ಮುಕ್ಕಾಲು ತಾಸು ಬೇಯಿಸಿದರೆ ಹೊಂಬಣ್ಣಕ್ಕೆ ತಿರುಗುವುದು. ಓವನ್ ಇಲ್ಲದವರು ನಿರಾಶರಾಗಬೇಕಿಲ್ಲ. ಗ್ರೀಸಿನ ಹಳ್ಳಿಗಳಲ್ಲಿ ಪಾತ್ರೆಯ ಮೇಲೆ ‘ಗಾಸ್ತ್ರ’ವೆಂಬ ಗುಮ್ಮಟದಂಥ ಮುಚ್ಚಳವಿರಿಸಿ, ಅದರ ಮೇಲೆ ಕೆಂಡ ಹರವಿ ಬೇಯಿಸುವ ಪದ್ಧತಿಯುಂಟು, ಒಲೆಯಿರುವ ಮನೆಗಳಲ್ಲಿ ಅದು ಸುಲಭಸಾಧ್ಯ.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲವಾದುದರಿಂದ ಅದರಿಂದ ಇಂಥ ಪದರಗಳನ್ನು ತೆಗೆಯಲಾಗದು. ಆದರೆ ಗ್ರೀಸಿನ ಎಪಿರಸ್ ಪ್ರಾಂತದ ಬೆಟ್ಟದ ಜನರು ಮೆಕ್ಕೆಜೋಳದ ಹಿಟ್ಟಿನ ಎರಡು ಹಾಸುಗಳ ನಡುವೆ ಸೊಪ್ಪಿಟ್ಟು ‘ಬ್ಲಾತ್ಸರಿಯ’ವೆಂಬ ಪಿಟವನ್ನು ಮಾಡುತ್ತಾರೆ. ಕುದಿಯುವ ಎಸರಿನಲ್ಲಿ ಬಿಳಿಜೋಳದ ಹಿಟ್ಟನ್ನು ಸಡಿಲವಾಗಿ ಕಲಸಿ ಅದೇ ರೀತಿಯಲ್ಲಿ ಮಾಡಿದರೆ, ಅದು ನಮ್ಮ ನಾಲಗೆಗೆ ಇನ್ನಷ್ಟು ಹತ್ತಿರದ ತಿನಿಸಾಗುವುದು.

ಜೊತೆಗೆ ಬಡಿಸುವುದೇನೆಂಬ ಪ್ರಶ್ನೆಗೆ ಎಳ್ಳಮವಾಸ್ಯೆಯ ಚರಗದ ಬುತ್ತಿಯನ್ನು ನೆನೆದರೆ ಸಾಕು. ಗ್ರೀಕರು ಗಟ್ಟಿಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ ಬೆರೆಸಿದ ಜಜೀಕಿಯನ್ನು ಇಡುವರು. ಅದನ್ನು ನಮ್ಮ ಮೊಸರಿನಲ್ಲಿ ಹಾಗೆಯೇ ಮಾಡಬಹುದು. ಅಲ್ಲಿ ಆಲಿವ್ ಕಾಯಿಯ ಉಪ್ಪುರುಚಿ ಮಾಡುವ ಕೆಲಸವನ್ನು ಇಲ್ಲಿ ಲಿಂಬೆಯ ಉಪ್ಪಿನಕಾಯಿ ಮಾಡಲಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಲ್ಲಿ ಒಂದಾದರೂ ತಟ್ಟೆಯ ಅಂಚಿನಲ್ಲಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಸೂರ್ಯಕಾಂತಿಯ ಸಸ್ಯಕುಟುಂಬಕ್ಕೆ ಸೇರಿ, ಗ್ರೀಕರು ಅಕ್ಕರೆಯಿಂದ ಆಯ್ದು ತಿನ್ನುವ ಕಾಡುಸೊಪ್ಪುಗಳಿಗೆ ಬಂಧುವಾಗಿರುವ ಹತ್ತರಕಿಯನ್ನು ಹಸಿಯಾಗಿಯೇ ಬಡಿಸಬೇಕು. ಅದರ ನವಿರಾದ ಕಹಿಯು ಎಣ್ಣೆಯ ಜಿಡ್ಡನ್ನು ಕಳೆಯುತ್ತದೆ.

ಅನ್ಯದೇಶದ ಪಾಕವನ್ನು ಕಲಿಯುವುದೆಂದರೆ ಅನ್ಯದೇಶದ ಡಬ್ಬಿಗಳನ್ನು ಕೊಳ್ಳುವುದೆಂದು ಅರ್ಥವಲ್ಲ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಹತ್ತರಕಿ ಉಳಿಯದು. ಕೊಳ್ಳುವವರಿಲ್ಲದ ಕುಸುಬಿಯನ್ನು ರೈತನು ಬಿತ್ತನು. ಆದುದರಿಂದ ಪಿಟ ಮಾಡಲು ಹೊರಡುವವರು ಮೊದಲು ತಮ್ಮೂರ ಸಂತೆಗೆ ಹೋಗಿ ಇವೆರಡನ್ನೂ ಕೇಳಿ ಕೊಳ್ಳಲಿ. ಹಾಗಾದಾಗ ಪರದೇಶದ ರುಚಿಯೊಂದು ಮನೆಗೆ ಬರುವುದರೊಡನೆ ನಮ್ಮ ನೆಲದ ಬೆಳೆಗೂ ಬೆಲೆ ಬಂದೀತು.