ಎರಡು ಲಕ್ಷ ಸಲ ನೋಡಿದ ಅಜ್ಜಿ

2020ರ ನವೆಂಬರಿನಲ್ಲಿ ಗೂಗಲ್ ತನ್ನ ಫೋಟೋಸ್ ಆ್ಯಪಿನ ಲೆಕ್ಕ ಹೊರಗೆ ಬಿಟ್ಟಿತು. ಜನ ಅಲ್ಲಿ ತಂದು ಸುರಿದಿದ್ದ ಚಿತ್ರಗಳು ನಾಲ್ಕು ಲಕ್ಷ ಕೋಟಿಗೂ ಹೆಚ್ಚು. ವಾರ ವಾರವೂ ಹೊಸದಾಗಿ ಬಂದು ಬೀಳುತ್ತಿದ್ದವು, ವಿಡಿಯೋ ಸೇರಿ, 2,800 ಕೋಟಿ. ಇನ್ನು ಮುಂದೆ ಬಿಟ್ಟಿ ಜಾಗ ಇಲ್ಲ, 15 ಜಿಬಿ ದಾಟಿದರೆ ಕಾಸು ಬಿಚ್ಚಿ ಎಂದು ಹೇಳುವುದಕ್ಕೆ ಹಾಕಿದ ಪೀಠಿಕೆ ಅದು. ಕಾಸಿನ ಮಾತು ಎಲ್ಲರ ಕಿವಿಗೂ ಬಿತ್ತು, ಅಂಕಿ ಹಾಗೇ ಜಾರಿಹೋಯಿತು.

ನಾಲ್ಕು ಲಕ್ಷ ಕೋಟಿ ಬರೆಯಬೇಕಾದರೆ ನಾಲ್ಕರ ಮುಂದೆ 12 ಸೊನ್ನೆ ಸುತ್ತಬೇಕು. ಫೋಟೋ ಪ್ರಿಂಟಿನ ಕಾಗದ ಸುಮಾರು ಕಾಲು ಮಿಲಿಮೀಟರ್ ದಪ್ಪ. ಇಷ್ಟನ್ನೂ ಪ್ರಿಂಟು ಹಾಕಿಸಿ ಒಂದರ ಮೇಲೊಂದು ಪೇರಿಸಿದರೆ ಎತ್ತರ ಹತ್ತು ಲಕ್ಷ ಕಿಲೋಮೀಟರ್. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ಆಚೆ. ಹೋಗಿ, ತಿರುಗಿ ಬಂದು, ಕೈಯಲ್ಲಿ ಇನ್ನೂ ಎರಡು ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ಉಳಿಯುತ್ತದೆ. ಸೆಕೆಂಡಿಗೊಂದರಂತೆ ನೋಡುತ್ತಾ ಕೂತರೆ ಮುಗಿಯಲು 1,26,000ಕ್ಕೂ ಹೆಚ್ಚು ವರ್ಷ ಬೇಕು, ಅದೂ ಕಣ್ಣು ಮುಚ್ಚದೆ. ಇದು ಒಂದೇ ಕಂಪನಿಯ ಗೋದಾಮು.

ಇದೆಲ್ಲ ಶುರುವಾದದ್ದು ಒಂದೇ ಒಂದು ಚಿತ್ರದಿಂದ. 1826–27ರ ಸುಮಾರಿಗೆ ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ತನ್ನ ಮನೆಯ ಮೇಲಿನ ಕಿಟಕಿಯಲ್ಲಿ ಕ್ಯಾಮೆರಾ ಇಟ್ಟು ಅಂಗಳದ ಕಡೆ ತಿರುಗಿಸಿದ. ತಗಡಿನ ಮೇಲೆ ಗೋಡೆ, ಮಾಡು ಇಷ್ಟು ಮೂಡುವುದಕ್ಕೆ ಸುಮಾರು ಎಂಟು ಗಂಟೆ ಹಿಡಿಯಿತು ಎನ್ನುತ್ತಾರೆ. ಸೂರ್ಯ ಅಷ್ಟರಲ್ಲಿ ಆಚೆ ಬದಿಗೆ ಹೋಗಿದ್ದರಿಂದ ಚಿತ್ರದಲ್ಲಿ ಎರಡೂ ಕಡೆಯ ಗೋಡೆಗೆ ಬಿಸಿಲು ಬಿದ್ದಿದೆ. ಗೂಗಲ್ ಹೇಳಿದ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 46,300ರಂತೆ, ಅದೇ ಎಂಟು ಗಂಟೆಯಲ್ಲಿ 133 ಕೋಟಿ ಚಿತ್ರ ಬಂದು ಬೀಳುತ್ತವೆ. ಹೆಚ್ಚುಕಡಿಮೆ ಭಾರತದ ತಲೆಗೊಂದು.

ಇವೆರಡರ ನಡುವೆ ನಮ್ಮ ಮನೆಗಳ ಕಾಲ ಬರುತ್ತದೆ, ಅದರ ಅಂಕಿ 12. ಆಗ್ಫಾ ಕ್ಲಿಕ್ 3 ಕ್ಯಾಮೆರಾಕ್ಕೆ ಒಂದು ರೀಲು ಹಾಕಿದರೆ ಸಿಗುತ್ತಿದ್ದುದು ಹನ್ನೆರಡೇ ಫೋಟೋ. ಆ ಹನ್ನೆರಡರಲ್ಲಿ ಒಂದು ನಾಮಕರಣ, ಒಂದು ಜೋಗದ ಪ್ರವಾಸ, ಊರಿಂದ ಬಂದ ಸೋದರತ್ತೆ, ಹೊಸ ಸ್ಕೂಟರು, ಎಲ್ಲವೂ ಅಡಗಬೇಕು. ರೀಲು ಮುಗಿಯದೆ ತೊಳೆಸುವಂತಿಲ್ಲ, ಹಾಗಾಗಿ ಯುಗಾದಿಯ ಫೋಟೋ ದೀಪಾವಳಿ ಕಳೆದ ಮೇಲೆ ಕೈಗೆ ಬರುತ್ತಿತ್ತು. ಯಾರೋ ಕುತೂಹಲಕ್ಕೆ ಹಿಂದಿನ ಮುಚ್ಚಳ ತೆಗೆದರೆ ‘ಲೈಟ್ ಬಿತ್ತು’. ನಾಮಕರಣವೂ ಹೋಯಿತು, ಜೋಗವೂ ಹೋಯಿತು.

ಅದಕ್ಕೂ ಹಿಂದಿನವರಿಗೆ ಕ್ಯಾಮೆರಾ ಇದ್ದದ್ದು ಸ್ಟುಡಿಯೋದಲ್ಲಿ. ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲು, ಬಟ್ಟೆಯ ಹೂವಿನ ಕುಂಡ, ಕೂತವರ ಎರಡೂ ಕೈ ಮಂಡಿಯ ಮೇಲೆ. ಬಹಳ ಹಳೆಯ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಅದಕ್ಕೇ ಆ ಫೋಟೋಗಳಲ್ಲಿ ಮುತ್ತಜ್ಜಿಯರ ಕುಂಕುಮ ಕಾಡಿಗೆಯಷ್ಟು ಕಪ್ಪು. ಈಗ ಮೊಮ್ಮಕ್ಕಳು ಆ್ಯಪಿನಲ್ಲಿ ಬಣ್ಣ ತುಂಬಿಸುತ್ತಾರೆ. ಯಂತ್ರ ಸೀರೆಗೆ ಹಸಿರು ಹಚ್ಚುತ್ತದೆ, ಹಣೆಯ ಮೇಲಿನ ಕಪ್ಪನ್ನು ಹಾಗೇ ಬಿಡುತ್ತದೆ. ನಿಜವಾದ ಬಣ್ಣ ಬಲ್ಲವಳು ಆ ಸೀರೆ ಉಟ್ಟವಳೊಬ್ಬಳೇ.

ಅಜ್ಜಿಯ ಇಂಥ ಒಂದು ಫೋಟೋಗೆ ಕಟ್ಟು ಹಾಕಿಸಿ ನಡುಮನೆಯ ಬಾಗಿಲ ಮೇಲೆ ತೂಗುಹಾಕುತ್ತಿದ್ದರು, ಮುಂದಕ್ಕೆ ಸ್ವಲ್ಪ ಬಾಗಿಸಿ. ಫೋಟೋಗಳನ್ನು ಎಣಿಸುವುದು ಬಿಟ್ಟು ನೋಟಗಳನ್ನು ಎಣಿಸಿದರೆ ಹೇಗೆ? ಮನೆಯಲ್ಲಿ ಐದು ಜನ, ಒಬ್ಬೊಬ್ಬರೂ ದಿನಕ್ಕೆ ಎರಡು ಸಲ ಆ ಕಡೆ ಕಣ್ಣು ಹಾಯಿಸುತ್ತಾರೆ ಎಂದು ಹಿಡಿಯಿರಿ. ವರ್ಷಕ್ಕೆ 3,650 ನೋಟ. ಅರವತ್ತು ವರ್ಷಕ್ಕೆ 2,19,000.

ಎರಡೂವರೆ ಗಂಟೆಯ ಸಿನಿಮಾದಲ್ಲಿ, ಸೆಕೆಂಡಿಗೆ 24ರಂತೆ, ಇರುವುದು 2,16,000 ಚಿತ್ರ. ಸಿನಿಮಾ ಎರಡು ಲಕ್ಷ ಚಿತ್ರಗಳನ್ನು ಒಂದೊಂದು ಸಲ ತೋರಿಸಿದರೆ, ಗೋಡೆ ಒಂದೇ ಚಿತ್ರವನ್ನು ಎರಡು ಲಕ್ಷ ಸಲ ತೋರಿಸಿತು. 1934ರ ಮಾರ್ಚ್ 3ರಂದು ತೆರೆ ಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ಮಾತಿನ ಚಿತ್ರ. ಅದರ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಅದೇ ಕಾಲದಲ್ಲಿ ತೆಗೆಸಿದ ಸ್ಟುಡಿಯೋ ಫೋಟೋಗಳು ಎಷ್ಟೋ ಮನೆಗಳಲ್ಲಿ ಮೊಳೆಗೆ ನೇತಾಡುತ್ತಿವೆ.

ಈಗಿನ ನೋಟಗಳ ಲೆಕ್ಕವೇ ಬೇರೆ. 2019ರ ಜನವರಿಯಲ್ಲಿ ಇನ್‌ಸ್ಟಾಗ್ರಾಂನಲ್ಲಿ ಯಾರೋ ಒಂದು ಕೋಳಿಮೊಟ್ಟೆಯ ಫೋಟೋ ಹಾಕಿ, ಇದನ್ನು ಎಲ್ಲಕ್ಕಿಂತ ಹೆಚ್ಚು ಲೈಕ್ ಪಡೆದ ಚಿತ್ರ ಮಾಡೋಣ ಎಂದರು. ಬರೀ ಮೊಟ್ಟೆ, ಹಿಂದೆ ಬಿಳಿ. ಹತ್ತು ದಿನದೊಳಗೆ ದಾಖಲೆ ಮುರಿಯಿತು, ಆಮೇಲೆ ಲೈಕು ಐದು ಕೋಟಿ ದಾಟಿತು. ಒಟ್ಟು ಮೊತ್ತದಲ್ಲಿ ಅಜ್ಜಿ ಮೊಟ್ಟೆಯ ಹತ್ತಿರವೂ ಸುಳಿಯಲಾರಳು. ಆದರೆ ಒಂದು ಜೊತೆ ಕಣ್ಣಿಗೆ ಎಷ್ಟು ಎಂದು ಭಾಗಿಸಿ ನೋಡಿ. ಮೊಟ್ಟೆಗೆ ಸಿಕ್ಕಿದ್ದು ಹೆಬ್ಬೆರಳು ಎರಡು ಸಲ ತಟ್ಟುವಷ್ಟು ಹೊತ್ತು. ಅಜ್ಜಿಯ ಫೋಟೋವನ್ನು ಸೊಸೆ ಅರವತ್ತು ವರ್ಷದಲ್ಲಿ ನೋಡಿದ್ದು 43,800 ಸಲ. ಸಲಕ್ಕೆ ಒಂದು ಸೆಕೆಂಡ್ ಎಂದರೂ ಹನ್ನೆರಡು ಗಂಟೆ ದಾಟಿತು. ನಿಯೆಪ್ಸ್‌ನ ಕ್ಯಾಮೆರಾ ಆ ಅಂಗಳವನ್ನು ನೋಡಿದ್ದು ಸುಮಾರು ಎಂಟು ಗಂಟೆ. ಸೊಸೆ ಅತ್ತೆಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ್ದಾಳೆ. ಏನನ್ನು ನೆನೆಸಿಕೊಂಡು ಎಂಬುದು ಅವಳಿಗೇ ಗೊತ್ತು.

ಇವತ್ತಿನ ಮಗುವಿಗೆ ಇದೇ ಮರ್ಯಾದೆ ಸಲ್ಲಿಸಲು ಹೊರಟರೆ ಗತಿಯೇನು? ದಿನಕ್ಕೆ ಹತ್ತೇ ಫೋಟೋ ಎಂದುಕೊಂಡರೂ ಹದಿನೆಂಟು ತುಂಬುವಾಗ 65,700 ಸೇರುತ್ತವೆ. ಒಂದೊಂದಕ್ಕೂ 43,800 ಸೆಕೆಂಡಿನ ನೋಟ ಕೊಡಬೇಕಾದರೆ ಹೆತ್ತವರು ಊಟ, ನಿದ್ದೆ ಬಿಟ್ಟು 91 ವರ್ಷ ನೋಡುತ್ತಲೇ ಇರಬೇಕು.

ಅಷ್ಟರಲ್ಲಿ ಫೋನೂ ತುಂಬಿರುತ್ತದೆ, ಅದೂ ಮಗುವಿನ ಫೋಟೋಗಳಿಂದಲ್ಲ. ಭಾರತದಲ್ಲಿ ಸ್ಮಾರ್ಟ್‌ಫೋನ್ ಇರುವ ಮೂವರಲ್ಲಿ ಒಬ್ಬರಿಗೆ ದಿನವೂ ಜಾಗ ಸಾಲುವುದಿಲ್ಲ, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗೆ ಎಂದು 2018ರಲ್ಲಿ ವರದಿಯಾಗಿತ್ತು. ಕಾರಣ ಹುಡುಕಿದರೆ ಸಿಕ್ಕಿದ್ದು ಗುಲಾಬಿ, ಸೂರ್ಯೋದಯ, ಕಾಫಿ ಲೋಟದ ಗುಡ್ ಮಾರ್ನಿಂಗ್ ಸಂದೇಶಗಳು. ದೊಡ್ಡಪ್ಪಂದಿರ ಈ ಸಾಧನೆಗೆ ಯಾರೂ ಇನ್ನೂ ಸನ್ಮಾನ ಮಾಡಿಲ್ಲ.

ಇಷ್ಟೆಲ್ಲ ಚಿತ್ರಗಳ ನಡುವೆ ನಮ್ಮ ಹಿಂದಿನವರು ಎಷ್ಟು ಜನ ಇದ್ದಾರೆ ಎಂದು ನೋಡಿದರೆ ಅಂಕಿ ತಲೆಕೆಳಗಾಗುತ್ತದೆ. ಫೋಟೋ ಎಂಬುದು ಹುಟ್ಟಿ ಸುಮಾರು 200 ವರ್ಷ, ತಲೆಮಾರಿಗೆ 25ರಂತೆ ಎಂಟು ತಲೆಮಾರು. ಅಪ್ಪ ಅಮ್ಮ ಇಬ್ಬರು, ಅವರ ಹಿಂದೆ ನಾಲ್ವರು, ಎಂಟು, ಹದಿನಾರು ಎಂದು ಕೂಡಿಸುತ್ತಾ ಹೋದರೆ 510 ಜನ. ಇವರೆಲ್ಲ ಕ್ಯಾಮೆರಾ ಇದ್ದ ಲೋಕದಲ್ಲೇ ಬದುಕಿದವರು, ಹೆಚ್ಚಿನವರು ಅದನ್ನು ಕಂಡವರಲ್ಲ. ಹತ್ತು ಮುಖ ಸಿಕ್ಕಿದರೆ ದೊಡ್ಡದು.

ಇನ್ನೆರಡು ಮೆಟ್ಟಿಲು ಹಿಂದೆ ಹೋದರೆ, ಹತ್ತನೆಯ ತಲೆಮಾರೊಂದರಲ್ಲೇ 1,024 ಜನ. ಒಂದು ವಾಟ್ಸ್ಯಾಪ್ ಗುಂಪಿನಲ್ಲಿ ಸೇರಬಹುದಾದವರ ಮಿತಿಯೂ ಸರಿಯಾಗಿ 1,024. ಅವರನ್ನೆಲ್ಲ ಸೇರಿಸಿದರೆ ಗುಂಪು ಭರ್ತಿ, ಒಬ್ಬರಿಗೂ ಡಿಪಿ ಇಲ್ಲ, ಸೇರಿಸಿದ ನಿಮಗೇ ಜಾಗವಿಲ್ಲ. ಆದರೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆಯ ರೂಢಿ. ಹಾಗಾಗಿ ಒಬ್ಬರೇ ಮುತ್ತಾತ ಎರಡೆರಡು ಕಡೆ ಲೆಕ್ಕಕ್ಕೆ ಬಂದಿರುತ್ತಾರೆ. ಉಳಿದ ಜಾಗದಲ್ಲಿ ನೀವು ಸೇರಿಕೊಳ್ಳಬಹುದು.